ಕಂಪನಿಗೂ ಒಂದು ಜಾತಕ

ಮುಂಡರಗಿಯ ವ್ಯಾಪಾರಿಯೊಬ್ಬರು ಹುಬ್ಬಳ್ಳಿಗೆ ಲಾರಿಯಲ್ಲಿ ಸರಕು ಕಳಿಸುತ್ತಾರೆ. ಸಾರಿಗೆ ಕಚೇರಿಯ ಗುಮಾಸ್ತ ಪಾವತಿ ಹರಿದು ಕೊಡುತ್ತಾನೆ. ಎಷ್ಟು ಚೀಲ, ಎಷ್ಟು ತೂಕ, ಬಾಡಿಗೆ ಎಷ್ಟು ಎಂದಷ್ಟೇ ನೋಡಿ ಅದನ್ನು ಕಿಸೆಗಿಳಿಸುವುದು ವಾಡಿಕೆ. ಸರಕು ಸಾಗಿಸುವುದು ಕಂಪನಿಯಾಗಿದ್ದರೆ ಅದೇ ಪಾವತಿಯ ತುದಿಯಲ್ಲೋ ಬುಡದಲ್ಲೋ ಸಣ್ಣ ಅಕ್ಷರಗಳಲ್ಲಿ ಉದ್ದನೆಯ ಸಂಖ್ಯೆಯೊಂದು ಇರುತ್ತದೆ. ಅದನ್ನು ಓದುವವರು ವಿರಳ. ಆದರೆ ಕಂಪನಿಯ ಜಾತಕವೆಲ್ಲ ಅಡಗಿರುವುದು ಅಲ್ಲಿಯೇ.

ಇದರ ಹೆಸರು ಕಾರ್ಪೊರೇಟ್ ಗುರುತಿನ ಸಂಖ್ಯೆ, ಚಿಕ್ಕದಾಗಿ ಸಿಐಎನ್. ಅಂಕಿ, ಅಕ್ಷರ ಸೇರಿ ಒಟ್ಟು 21. ಅದನ್ನು ಬಿಡಿಸಿ ನೋಡಲು ದೂರ ಹೋಗಬೇಕಾಗಿಲ್ಲ. 1976ರಲ್ಲಿ ಗದುಗಿನಲ್ಲಿ ವಿಜಯ ಸಂಕೇಶ್ವರ ಅವರು ಒಂದೇ ಲಾರಿಯಿಂದ ಆರಂಭಿಸಿದ ಉದ್ಯಮ 1983ರಲ್ಲಿ ‘ವಿಜಯಾನಂದ ರೋಡ್‌ಲೈನ್ಸ್’ ಎಂಬ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಮುಂದೆ ಪಬ್ಲಿಕ್ ಕಂಪನಿಯಾಗಿ, 2006ರಲ್ಲಿ ‘ವಿಆರ್‌ಎಲ್ ಲಾಜಿಸ್ಟಿಕ್ಸ್’ ಎಂಬ ಹೆಸರು ಪಡೆಯಿತು. ಅದರ ಸಂಖ್ಯೆ ಹೀಗಿದೆ: ಎಲ್ 60210 ಕೆಎ 1983 ಪಿಎಲ್‌ಸಿ 005247.

ಮೊದಲ ಅಕ್ಷರ ‘ಎಲ್’ ಎಂದರೆ ಕಂಪನಿಯ ಷೇರುಗಳು ಷೇರುಪೇಟೆಯಲ್ಲಿವೆ ಎಂದರ್ಥ, ಇಲ್ಲದಿದ್ದರೆ ‘ಯು’. ಈ ಕಂಪನಿ 2015ರಲ್ಲಿ ಷೇರುಪೇಟೆಗೆ ಬಂದಾಗ ‘ಯು’ ಹೋಗಿ ‘ಎಲ್’ ಬಂದಿತು. ನಂತರದ ಐದು ಅಂಕಿ ಉದ್ಯಮದ ವರ್ಗವನ್ನು ಹೇಳುತ್ತವೆ, ಇಲ್ಲಿ ಭೂಸಾರಿಗೆ. ‘ಕೆಎ’ ಕರ್ನಾಟಕ, 1983 ಹುಟ್ಟಿದ ವರ್ಷ. ‘ಪಿಎಲ್‌ಸಿ’ ಎಂದರೆ ಪಬ್ಲಿಕ್ ಲಿಮಿಟೆಡ್. ಪ್ರೈವೇಟ್ ಲಿಮಿಟೆಡ್ ಆದರೆ ‘ಪಿಟಿಸಿ’. ಕೊನೆಯ ಆರು ಅಂಕಿ ರಾಜ್ಯದ ಕಂಪನಿ ರಿಜಿಸ್ಟರಿನಲ್ಲಿ ಅದರ ಕ್ರಮಸಂಖ್ಯೆ.

ಇಲ್ಲೊಂದು ಸ್ವಾರಸ್ಯವಿದೆ. ಇನ್ಫೋಸಿಸ್‌ನ ಸಂಖ್ಯೆಯಲ್ಲಿ ವರ್ಷ 1981, ಕ್ರಮಸಂಖ್ಯೆ 013115. ಎರಡು ವರ್ಷ ಹಿರಿಯ ಕಂಪನಿಗೆ ಅಷ್ಟು ದೊಡ್ಡ ಸಂಖ್ಯೆ ಏಕೆ? ಅದು ಹುಟ್ಟಿದ್ದು ಪುಣೆಯಲ್ಲಿ. ನೋಂದಾಯಿತ ಕಚೇರಿ ಬೇರೆ ರಾಜ್ಯಕ್ಕೆ ಹೋದಾಗ ಹುಟ್ಟಿದ ವರ್ಷ ಬದಲಾಗುವುದಿಲ್ಲ. ಆದರೆ ಹೊಸ ರಾಜ್ಯದ ರಿಜಿಸ್ಟರಿನಲ್ಲಿ ಸರತಿ ಸಾಲಿನ ಕೊನೆಗೆ ನಿಲ್ಲಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು ಹೊಸ ಊರಿನ ಪಡಿತರ ಚೀಟಿಯಲ್ಲಿ ಕೊನೆಗೆ ಸೇರಿದಂತೆ.

ಸಂಖ್ಯೆಯನ್ನು ಹುಡುಕುವುದು ಕಷ್ಟವಲ್ಲ. 2013ರ ಕಂಪನಿ ಕಾಯ್ದೆಯ 12ನೇ ಕಲಮಿನ ಪ್ರಕಾರ ಕಂಪನಿಯ ಪತ್ರ, ಬಿಲ್ಲು, ನೋಟಿಸುಗಳ ಮೇಲೆಲ್ಲ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಮತ್ತು ಈ ಸಂಖ್ಯೆ ಅಚ್ಚಾಗಿರಲೇಬೇಕು. ಕಚೇರಿಯ ಹೊರಗಿನ ಫಲಕದಲ್ಲಿ ಹೆಸರು, ವಿಳಾಸಗಳು ಸ್ಥಳೀಯ ಭಾಷೆಯ ಲಿಪಿಯಲ್ಲೂ ಇರಬೇಕು. ಎಂದರೆ ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ಕನ್ನಡದಲ್ಲಿ. ತಪ್ಪಿದರೆ ದಿನಕ್ಕೆ 1,000 ರೂಪಾಯಿಯಂತೆ ಒಂದು ಲಕ್ಷದವರೆಗೆ ದಂಡ. ಪಾವತಿಯಲ್ಲಿ ಸಂಖ್ಯೆ ಕಾಣದಿದ್ದರೆ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ಕೊಟ್ಟು ಹುಡುಕಬಹುದು.

ಸಂಖ್ಯೆಯಿಲ್ಲದ ಸಂಸ್ಥೆಯೆಲ್ಲ ಮೋಸದ್ದೆಂದು ಭಾವಿಸಬಾರದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ, ದೇಶದ ಸಹಕಾರ ಚಳವಳಿಗೆ ಮೊದಲ ಹೆಜ್ಜೆ ಎಂದು ಹೆಸರಾದ ಪತ್ತಿನ ಸಂಘ ನೋಂದಣಿಯಾದದ್ದು 1905ರಲ್ಲಿ, ಹಿಂದಿನ ವರ್ಷವಷ್ಟೇ ಬಂದಿದ್ದ ಸಹಕಾರಿ ಕಾಯ್ದೆಯಡಿ. ಇಂದಿಗೂ ಸಹಕಾರ ಸಂಘ ನೋಂದಣಿಯಾಗುವುದು ಸಹಕಾರ ಇಲಾಖೆಯಲ್ಲಿ. ಇಬ್ಬರು ಮೂವರು ಸೇರಿ ನಡೆಸುವ ಅಡತಿ ಅಂಗಡಿ 1932ರ ಪಾಲುದಾರಿಕೆ ಕಾಯ್ದೆಗೆ ಸೇರಿದ್ದು. ಇವಕ್ಕೆ ಸಿಐಎನ್ ಇರುವುದಿಲ್ಲ. ಆದ್ದರಿಂದ ‘ರಜಿಸ್ಟರ್ಡ್’ ಎಂಬ ಫಲಕ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ಕಾಯ್ದೆಯಡಿ?

ಈ ಪ್ರಶ್ನೆಯ ಬೆಲೆ ಗೊತ್ತಾಗುವುದು ಹಣ ಕೊಡುವಾಗ. ಬೆಟಗೇರಿಯ ನೇಕಾರ ದಿನದ ದುಡಿಮೆಯಲ್ಲಿ ಐವತ್ತೋ ನೂರೋ ಉಳಿಸಿ ಪಿಗ್ಮಿಗೆ ಕಟ್ಟುತ್ತಾನೆ. ಹೆಚ್ಚು ಬಡ್ಡಿಯ ಆಸೆ ತೋರಿಸುವ ಏಜೆಂಟ್ ‘ನಮ್ಮದು ಸರ್ಕಾರದಲ್ಲಿ ನೋಂದಣಿಯಾದ ಕಂಪನಿ’ ಎಂದು ಪ್ರಮಾಣಪತ್ರ ಮುಂದಿಡುತ್ತಾನೆ. ಪತ್ರ ಅಸಲಿಯೇ ಇರಬಹುದು. ಆದರೆ ಅದು ಹೇಳುವುದು ಕಂಪನಿ ಹುಟ್ಟಿದೆ ಎಂದಷ್ಟೇ. ಠೇವಣಿ ಪಡೆಯುವ ಅಧಿಕಾರವನ್ನು ಅದು ಕೊಡುವುದಿಲ್ಲ. ಸಂಖ್ಯೆಯ ನಡುವೆ ‘ಪಿಟಿಸಿ’ ಕಂಡರೆ ಅಲ್ಲಿಯೇ ನಿಲ್ಲಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿ ಸಾಮಾನ್ಯವಾಗಿ ಸಾರ್ವಜನಿಕರಿಂದ ಠೇವಣಿ ಎತ್ತುವಂತಿಲ್ಲ. ಹಣಕಾಸು ಕಂಪನಿಯಾದರೆ ರಿಸರ್ವ್ ಬ್ಯಾಂಕಿನ ಪರವಾನಗಿ, ಚೀಟಿ ವ್ಯವಹಾರವಾದರೆ ಚೀಟಿಗಳ ರಿಜಿಸ್ಟ್ರಾರರ ಅನುಮತಿ ತೋರಿಸಲಿ.

ಕಂಪನಿ ಈಗಲೂ ಜೀವಂತವಾಗಿದೆಯೇ ಎಂಬುದನ್ನೂ ನೋಡಬೇಕು. ವರ್ಷವರ್ಷ ಲೆಕ್ಕಪತ್ರ ಸಲ್ಲಿಸದ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ಕೇಂದ್ರ ಸರ್ಕಾರ 2017ರಲ್ಲಿ ರಿಜಿಸ್ಟರಿನಿಂದ ಹೊಡೆದುಹಾಕಿತು. ಹೆಸರು ಹೋದರೂ ಹಳೆಯ ಪ್ರಮಾಣಪತ್ರ ಗೋಡೆಯ ಮೇಲೆ ತೂಗಾಡುತ್ತಿರಬಹುದು. ಸಚಿವಾಲಯದ ದಾಖಲೆಯಲ್ಲಿ ಕಂಪನಿಯ ಹೆಸರಿನ ಮುಂದೆ ಅದರ ಸದ್ಯದ ಸ್ಥಿತಿ ನಮೂದಾಗಿರುತ್ತದೆ.

ಹುಟ್ಟಿದ ವರ್ಷ, ಊರು, ಕಸುಬುಗಳನ್ನು ಜಾತಕ ಹೇಳೀತು, ನಡತೆಯನ್ನು ಹೇಳಲಾರದು. ವಧುವರರ ಜಾತಕ ಕೂಡಿಬಂದ ಮೇಲೂ ಹಿರಿಯರು ನಾಲ್ಕು ಮನೆಯಲ್ಲಿ ವಿಚಾರಿಸದೆ ಮಾತು ಕೊಡುವುದಿಲ್ಲ. ಗಳಿಸಿದ ಹಣವನ್ನು ಒಪ್ಪಿಸುವಾಗಲೂ ಅಷ್ಟು ವಿಚಾರಣೆ ಬೇಡವೇ?