ಹುಡುಗ ಆರಾಮ ಆಗ್ಯಾನ, ಇನ್ಯಾಕ ಗುಳಿಗಿ?

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬೆಳಗಾಗುತ್ತಿದ್ದಂತೆ ಜನ ಬಂದು ಸೇರುತ್ತಾರೆ. ರಾತ್ರಿ ಬಸ್ಸಿಳಿದು ಮುಖ ತೊಳೆದವರೇ ಸೀದಾ ಇಲ್ಲಿಗೆ. ಒಂದು ಚೀಲದಲ್ಲಿ ದಪ್ಪನೆಯ ಫೈಲು, ರೇಷನ್ ಕಾರ್ಡಿನ ಜೆರಾಕ್ಸು. ಇನ್ನೊಂದರಲ್ಲಿ ಕಾಯಿಸಿ ಆರಿಸಿದ ನೀರು. ಮಾಸ್ಕಿನ ಮೇಲೆ ಬರೀ ಕಣ್ಣು ಕಾಣುವ ಬೋಳುತಲೆಯ ಮಕ್ಕಳು ಒಂದೇ ಮೊಬೈಲಿಗೆ ಮುಗಿಬಿದ್ದಿರುತ್ತಾರೆ. ದೊಡ್ಡವರ ಬಾಯಲ್ಲಿ ರಕ್ತಕಣಗಳ ಲೆಕ್ಕದ ಒಂದೇ ಮಾತು: 'ಕೌಂಟ್ ಎಷ್ಟೈತಿ?'

ಅಲ್ಲಿ ಸಿಕ್ಕ ಹಾವೇರಿ ಕಡೆಯ ಒಬ್ಬ ತಾಯಿಯ ಮಗನಿಗೆ ಏಳು ವರ್ಷ. ಮೊದಲು ಜ್ವರ ಬಂದು ಹೋಗಿ ಮಾಡಿತು. ಆಮೇಲೆ ಕಾಲುನೋವು, ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ, ತೊಡೆಯ ಮೇಲೆ ಕಂದಿದ ಕಲೆ. "ಎಲ್ಲ್ಯರ ಬಿದ್ದಿರಬೇಕ ಅಂದ್ಕೊಂಡ್ವಿರಿ" ಎಂದಳು. ದೃಷ್ಟಿ ತೆಗೆದರು, ಟಾನಿಕ್ ಕುಡಿಸಿದರು. ಹುಬ್ಬಳ್ಳಿಯಲ್ಲಿ ರಕ್ತ ಪರೀಕ್ಷೆಯಾದ ದಿನವೇ ಬೆಂಗಳೂರಿಗೆ ಹೊರಡಿ ಅಂದರು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಕ್ಕಳು ಗುಣವಾಗುವಂಥದ್ದೂ ಹೌದು. ಆದರೆ 'ಬ್ಲಡ್ ಕ್ಯಾನ್ಸರ್' ಎಂದ ಮೇಲೆ ಡಾಕ್ಟರು ಹೇಳಿದ್ದೊಂದೂ ಅವಳ ಕಿವಿಗೆ ಬಿದ್ದಿರಲಿಲ್ಲ. "ನನ್ನ ಬಸರಾಗ ಏನರ ತಪ್ಪಾತೇನ್ರಿ?" ಎಂದಷ್ಟೇ ಕೇಳಿದ್ದಳಂತೆ. ಇಲ್ಲ ತಾಯಿ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಎಷ್ಟು ಸಲ ಹೇಳಿದರೋ!

ಚಿಕಿತ್ಸೆಯ ಮೊದಲ ತಿಂಗಳು ಕಠಿಣ. ನಮ್ಮ ಅಂಗಳದ ಕಾಶಿ ಕಣಗಿಲೆ ಗಿಡದಲ್ಲಿ ಸಿಕ್ಕ ವಿನ್‌ಕ್ರಿಸ್ಟಿನ್ ನರಕ್ಕೆ, ಇನ್ನೊಂದು ಮದ್ದು ಬೆನ್ನುಹುರಿಯ ನೀರಿಗೆ. ಜೊತೆಗೆ ಸ್ಟಿರಾಯ್ಡ್. ಅದರ ಹಸಿವು ಕಂಡವರಿಗೇ ಗೊತ್ತು. ಮುಖ ಊದಿಕೊಂಡ ಹುಡುಗ ನಡುರಾತ್ರಿ ಎದ್ದು ರೊಟ್ಟಿ, ಬದನೆಕಾಯಿ ಪಲ್ಯ ಬೇಕೆಂದು ಅಳುತ್ತಿದ್ದ. ಬಾಡಿಗೆ ಕೋಣೆಯಲ್ಲಿ ತಾಯಿ ಆ ಹೊತ್ತಿನಲ್ಲೇ ಹಿಟ್ಟು ನಾದುತ್ತಿದ್ದಳು. ಮದ್ದಿನ ಖರ್ಚಿಗೆ ರೇಷನ್ ಕಾರ್ಡಾಯಿತು. ಕೋಣೆ ಬಾಡಿಗೆ, ಬಸ್ ಚಾರ್ಜು, ತಪ್ಪಿದ ಕೂಲಿಗೆ ಯಾವ ಕಾರ್ಡೂ ಇಲ್ಲ. ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟ ಮಗಳು ಫೋನು ಮಾಡಿ, "ಅವ್ವಾ, ನನಗೂ ಜ್ವರ ಬಂದೈತಿ, ಬಾ" ಅನ್ನುತ್ತಿದ್ದಳು. ಜ್ವರ ಇರುತ್ತಿರಲಿಲ್ಲ.

ಈಗ ಹುಡುಗನ ತಲೆಯಲ್ಲಿ ಕೂದಲು ಬಂದಿದೆ, ಶಾಲೆಗೂ ಹೋಗುತ್ತಾನೆ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಈ ಹಂತವೇ. ಈ ಕಾಯಿಲೆಗೆ ಎರಡು, ಎರಡೂವರೆ ವರ್ಷ ಮದ್ದು ನಡೆಯಲೇಬೇಕು. ಮರ್ಕ್ಯಾಪ್ಟೊಪ್ಯೂರಿನ್ ದಿನಾ ಸಂಜೆ, ಮೆಥೊಟ್ರೆಕ್ಸೇಟಿನ ಹಳದಿ ಸಣ್ಣ ಗುಳಿಗೆಗಳು ವಾರಕ್ಕೊಮ್ಮೆ ಮಾತ್ರ. ಈ ಹಳದಿ ಗುಳಿಗೆಯ ಹಿಂದೆ ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಶ್ರಮವಿದೆ. ಆದರೆ ಈ ಗುಳಿಗೆ ದಿನಾ ಕೊಟ್ಟರೆ ಅದೇ ವಿಷ. ಅದಕ್ಕೇ ಓದು ಬಾರದ ಈ ತಾಯಿ ಶಾಬಾದಿಮಠ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರಕ್ಕೂ ಅರಿಸಿನದ ಬೊಟ್ಟಿಟ್ಟಿದ್ದಾಳೆ. ಒಂದೂ ತಪ್ಪಿಲ್ಲ.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಹಲವು ಬಡ, ಮಧ್ಯಮ ಆದಾಯದ ದೇಶಗಳಲ್ಲಿ 30 ಮಂದಿಯೂ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಿಕಿತ್ಸೆಯನ್ನು ನಡುವೆ ಬಿಡುವುದೂ ಇದಕ್ಕೊಂದು ಕಾರಣ. ಬಿಡುವವರು ಮಗುವಿನ ಮೇಲೆ ಪ್ರೀತಿ ಇಲ್ಲದೆ ಬಿಡುವುದಿಲ್ಲ. ಸಾಲ ಕುತ್ತಿಗೆಗೆ ಬಂದಿರುತ್ತದೆ, ಮಗು ಎದುರಿಗೇ ಆಡುತ್ತಿರುತ್ತದೆ.

ಈ ಮನೆಯಲ್ಲೂ ಅದೇ ಜಗಳ: ಹುಡುಗ ಆರಾಮಾದ ಮೇಲೆ ಗುಳಿಗೆ ಯಾಕೆ ಎನ್ನುತ್ತಾರೆ ಮಾವ. "ನಮ್ಮ ಮಾವಾರಿಗೆ ನೀವ ಹೇಳ್ರಿ ಸರ" ಎಂದು ಫೋನನ್ನು ಡಾಕ್ಟರ ಕೈಗೇ ಕೊಟ್ಟಳು. ಡಾಕ್ಟರೂ ಹಾವೇರಿ ಕಡೆಯವರೇ.

"ಅಜ್ಜಾರ, ಹೊಲದಾಗಿನ ಕರಕಿ ಮ್ಯಾಲಷ್ಟ ಕಿತ್ರ ಹೋಗತೈತೇನ್ರಿ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಮತ್ತ ಎಲ್ಲೀ ತನಕರಿ?"

"ಬರೋ ಯುಗಾದಿ ತನಕ. ಒಂದಿನಾನೂ ಬಿಡಬ್ಯಾಡ್ರಿ."

ತಾಯಿ ಫೋನು ತೆಗೆದುಕೊಂಡಳು. "ಮಾವಾರ, ಮುಂದಿನ ತಾರೀಖಿಗೆ ನೀವೂ ಬರ್ರಿ. ಬರೋವಾಗ ಮಗಳನ್ನೂ ಕರಕೊಂಡ ಬರ್ರಿ."