ಅರ್ಜಿಯ ವಿಳಂಬಕ್ಕೆ ಮೂಲವೆಲ್ಲಿ?

2013ನೆಯ ಇಸವಿ ಅಕ್ಟೋಬರ್ 1ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಕಾರವು ಪ್ರಜೆಗಳು ಆರೋಗ್ಯ ವಿಮೆಯನ್ನು ಕೊಳ್ಳಲೆಂದು ‘ಹೆಲ್ತ್‌ಕೇರ್ ಡಾಟ್ ಗವ್’ ಎಂಬ ಜಾಲತಾಣವನ್ನು ತೆರೆಯಿತು. ಜನರು ಲಕ್ಷಗಟ್ಟಲೆ ಬಂದರು. ಆದರೆ ಮೊದಲ ದಿನ ವಿಮೆಯನ್ನು ಪಡೆಯಲು ಶಕ್ತರಾದವರು ಕೇವಲ 6 ಮಂದಿ! ವಿಮೆಯಾದರೋ ಮುಂದಿನ ಜನವರಿ 1ರಿಂದಲೇ ಜಾರಿಗೆ ಬರಬೇಕಾಗಿತ್ತು. ದೋಷವೆಲ್ಲಿ ಎಂಬುದನ್ನು ಬೇಗನೆ ಕಂಡುಹಿಡಿಯದೆ ಗತ್ಯಂತರವಿರಲಿಲ್ಲ.

ಗುಂಡಿಯನ್ನೊತ್ತಿದ ಬಳಿಕ ಅರ್ಜಿಯು ಏನಾಗುತ್ತದೆ? ಅದು ದೂರದ ಸರ್ವರ್ ಯಂತ್ರವನ್ನು ಸೇರುತ್ತದೆ. ಅಲ್ಲಿ ಅದರ ತಪ್ಪೊಪ್ಪುಗಳನ್ನು ನೋಡಿ, ಅರ್ಜಿದಾರನ ಗುರುತನ್ನು ಖಚಿತಪಡಿಸಿಕೊಂಡು, ಇತರ ಇಲಾಖೆಗಳ ದಾಖಲೆಗಳೊಡನೆ ತಾಳೆ ಹಾಕಿ, ಕಡೆಗೆ ಡೇಟಾಬೇಸಿನಲ್ಲಿ ಬರೆದಿಡಬೇಕು. ಇವುಗಳಲ್ಲಿ ಯಾವ ಹಂತ ನಿಧಾನವಾದರೂ ಉತ್ತರ ತಡವಾಗುತ್ತದೆ. ಹೊರಗಿನವನಿಗೆ ತಿಳಿಯುವುದು ಒಟ್ಟು ಕಾಲ ಮಾತ್ರ. ಮೈ ಸುಡುತ್ತಿದೆಯೆಂದ ಮಾತ್ರಕ್ಕೆ ರೋಗ ಯಾವುದೆಂದು ತಿಳಿದಂತಾಯಿತೆ?

ಆದುದರಿಂದ ಊಹೆಗೆ ಮೊದಲು ಅಳತೆ. ಅಕ್ಟೋಬರಿನ ಉತ್ತರಾರ್ಧದಲ್ಲಿ ಕರೆಸಲ್ಪಟ್ಟ ತಜ್ಞರಿಗೆ, ಇಡೀ ವ್ಯವಸ್ಥೆಯ ಸ್ಥಿತಿಯನ್ನು ಒಂದೆಡೆ ತೋರಿಸುವ ಫಲಕವೇ ಅಲ್ಲಿ ಕಾಣಲಿಲ್ಲ. ಅದನ್ನು ಅಳವಡಿಸುವುದು ಅವರ ಮೊದಲ ಕೆಲಸಗಳಲ್ಲಿ ಒಂದಾಯಿತು. ಪ್ರತಿಯೊಂದು ಹಂತಕ್ಕೂ ಎಷ್ಟು ಕಾಲ ಹಿಡಿಯಿತೆಂದು ಗುರುತಿಸಿದರೆ ಅಪರಾಧಿಯು ತಾನಾಗಿ ಹೊರಬೀಳುತ್ತಾನೆ. ಉದಾಹರಣೆಗೆ, 8 ಸೆಕೆಂಡುಗಳಲ್ಲಿ 7 ಡೇಟಾಬೇಸಿನಲ್ಲಿಯೇ ಕಳೆಯುತ್ತಿದ್ದರೆ, ಉಳಿದುದೆಲ್ಲವನ್ನೂ ಹತ್ತು ಪಟ್ಟು ಚುರುಕುಗೊಳಿಸಿದರೂ ಆಗುವ ಉಳಿತಾಯ ಒಂದು ಸೆಕೆಂಡಿಗಿಂತ ಕಡಿಮೆ!

ಡೇಟಾಬೇಸು ತಡಮಾಡುವುದಕ್ಕೆ ಸಾಮಾನ್ಯವಾದ ಒಂದು ಕಾರಣವುಂಟು. 10 ಲಕ್ಷ ದಾಖಲೆಗಳಲ್ಲಿ ಒಂದು ಹೆಸರನ್ನು ಮೊದಲಿನಿಂದ ಹುಡುಕುತ್ತ ಹೋದರೆ ಎಲ್ಲವನ್ನೂ ನೋಡಬೇಕಾದೀತು. ಅಕಾರಾದಿಯಾಗಿ ಸೂಚಿಯನ್ನು ಮಾಡಿಟ್ಟು, ಪ್ರತಿಸಾರಿಯೂ ಅರ್ಧವನ್ನು ಬಿಡುತ್ತ ಬಂದರೆ ಸುಮಾರು 20 ಹೋಲಿಕೆಗಳೇ ಸಾಕು.

ಒಬ್ಬನೇ ಕುಳಿತು ಪರೀಕ್ಷಿಸಿದಾಗ ಚುರುಕಾಗಿದ್ದ ಅರ್ಜಿಯು ಜನಸಂದಣಿಯಲ್ಲಿ ಕುಂಟುವುದೇಕೆ? ಇದಕ್ಕೆ ಉತ್ತರ ಸರತಿಯ ಗಣಿತದಲ್ಲಿದೆ. ಸೆಕೆಂಡಿಗೆ ಸರಾಸರಿ 10 ಅರ್ಜಿಗಳನ್ನು ಮುಗಿಸಬಲ್ಲ ಯಂತ್ರವೊಂದಿರಲಿ. ಅರ್ಜಿಗಳು ಬರುವ ವೇಳೆಯೂ ಅವುಗಳಿಗೆ ಹಿಡಿಯುವ ಕಾಲವೂ ಯಾದೃಚ್ಛಿಕವಾಗಿದ್ದರೆ, ಲೆಕ್ಕ ಹೀಗಾಗುತ್ತದೆ: ಸೆಕೆಂಡಿಗೆ ಸರಾಸರಿ 5 ಅರ್ಜಿಗಳು ಬಂದರೆ ಪ್ರತಿಯೊಂದೂ ಮುಗಿಯಲು ಸರಾಸರಿ 0.2 ಸೆಕೆಂಡು, 9 ಬಂದರೆ 1 ಸೆಕೆಂಡು, 9.9 ಬಂದರೆ 10 ಸೆಕೆಂಡು! ಕೆಲಸವು ಇಮ್ಮಡಿಯೂ ಆಗಲಿಲ್ಲ; ಕಾಯುವ ಕಾಲ ಮಾತ್ರ ಐವತ್ತು ಮಡಿಯಾಯಿತು.

ಅಮೆರಿಕದ ತಜ್ಞರು ಹೀಗೆಯೇ ಅಳೆಯುತ್ತ, ತಿದ್ದುತ್ತ, ಮತ್ತೆ ಅಳೆಯುತ್ತ ಮುಂದುವರಿದರು. 400ಕ್ಕೂ ಹೆಚ್ಚು ದೋಷಗಳು ಪರಿಹಾರವಾದವು. ಸರಾಸರಿ 8 ಸೆಕೆಂಡುಗಳಿದ್ದ ಉತ್ತರದ ಕಾಲ, ಡಿಸೆಂಬರ್ 1ರ ಸರ್ಕಾರಿ ವರದಿಯ ವೇಳೆಗೆ, ಒಂದು ಸೆಕೆಂಡಿಗಿಂತ ಕಡಿಮೆಯಾಗಿತ್ತು.

ಈ ಅಳತೆಯ ಮೊದಲ ಪಾಠವನ್ನು ವಿದ್ಯಾರ್ಥಿಗಳೂ ಮಾಡಿ ನೋಡಬಹುದು. ಗಣಕದ ಬ್ರೌಸರಿನಲ್ಲಿ ತಂತ್ರಜ್ಞರಿಗಾಗಿ ಇರುವ ಸಲಕರಣೆಗಳನ್ನು ತೆರೆದರೆ ‘ನೆಟ್‌ವರ್ಕ್’ ಎಂಬ ವಿಭಾಗ ಕಾಣುತ್ತದೆ. ಕಳುಹಿಸುವುದಕ್ಕೆಷ್ಟು, ಸರ್ವರಿನ ಉತ್ತರಕ್ಕೆ ಕಾದದ್ದೆಷ್ಟು, ಉತ್ತರ ಇಳಿದು ಬರುವುದಕ್ಕೆಷ್ಟು ಎಂಬುದನ್ನು ಅದು ಬೇರೆಬೇರೆಯಾಗಿ ತೋರಿಸುತ್ತದೆ. ಮುಂದಿನ ಸಾರಿ ಅರ್ಜಿಯೊಂದು ತಡವಾದಾಗ, ದೂರುವುದಕ್ಕೆ ಮೊದಲು ಅದನ್ನೊಮ್ಮೆ ನೋಡಿರಿ.