ಐದು ಲಕ್ಷದ ಕಾರ್ಡು: ಸೀರೆ ಬೇರೆ, ಆಪರೇಷನ್ ಬೇರೆ

‘ನಮ್ಮ ಟ್ಯಾಕ್ಸ್ ದುಡ್ಡಿನಲ್ಲಿ ಅವರಿಗೆ ಆಪರೇಷನ್ನು ಬೇರೆ ಕೇಡು!’

ಹೊಸಪೇಟೆ, ಬಳ್ಳಾರಿ, ಕೊಪ್ಪಳ ಕಡೆಯ ಅಂಗಡಿ ಕಟ್ಟೆಗಳಲ್ಲಿ, ಬಸ್ಸಿನ ಹಿಂದಿನ ಸೀಟುಗಳಲ್ಲಿ ಈ ಮಾತು ಹೊಸದಲ್ಲ. ಮಂಗಳಮುಖಿಯರಿಗೆ ಸರ್ಕಾರ ವರ್ಷಕ್ಕೆ ಐದು ಲಕ್ಷ ರೂಪಾಯಿಯ ಚಿಕಿತ್ಸೆ ಕೊಡುತ್ತದಂತೆ ಎಂಬ ಸುದ್ದಿ 2022ರಲ್ಲಿ ಹೊರಬಿದ್ದ ಮೇಲೆ ಬಾಯಿಂದ ಬಾಯಿಗೆ ಓಡಾಡಿದ ಮಾತು ಇದು. ಒಬ್ಬ ‘ಪಾಪ, ಕೊಡಲಿ ಬಿಡ್ರೀ’ ಅಂತಾನೆ. ಇನ್ನೊಬ್ಬ ‘ನನ್ನ ಮಂಡಿ ನೋವಿಗೆ ಯಾರು ಕೊಡ್ತಾರೆ?’ ಅಂತಾನೆ. ಮೂರನೆಯವನು ‘ಗಂಡಸಾಗಿ ಹುಟ್ಟಿ ಸೀರೆ ಉಡೋ ಶೋಕಿಗೆ ಖಜಾನೆ ಯಾಕ್ರೀ ಖಾಲಿ ಆಗಬೇಕು?’ ಎಂದು ಮೀಸೆ ತಿರುವುತ್ತಾನೆ.

ಮೂವರೂ ಒಂದು ವಿಷಯದಲ್ಲಿ ಎಡವಿದ್ದಾರೆ. ಸೀರೆಯ ಮಾತನ್ನೂ ಆಪರೇಷನ್ನಿನ ಮಾತನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಗಂಟು ಬಿಚ್ಚಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ಜವಾಬು ಹೇಳಬೇಕಾದವರು ಮಂಗಳಮುಖಿಯರಲ್ಲ. ಸರ್ಕಾರಿ ಕಛೇರಿ ಮತ್ತು ಸರ್ಕಾರಿ ಆಸ್ಪತ್ರೆ.

ಸೀರೆಗೆ ಡಾಕ್ಟರ ಚೀಟಿ ಬೇಡ

ಹುಲಿಗಿಯ ಹುಲಿಗೆಮ್ಮ, ಸವದತ್ತಿ ಎಲ್ಲಮ್ಮನ ಜಾತ್ರೆ ಕಂಡ ಜನಕ್ಕೆ ಜೋಗಪ್ಪ ಅಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಂಡಾಗಿ ಹುಟ್ಟಿದ ಹುಡುಗನ ನಡೆ-ನುಡಿ ಹೆಣ್ಣಿನಂತಾದಾಗ ‘ಅಮ್ಮ ಮೈಮೇಲೆ ಬಂದಾಳೆ’ ಎಂದು ಮುತ್ತು ಕಟ್ಟಿಸಿ, ಸೀರೆ ಉಡಿಸಿ, ತಲೆ ಮೇಲೆ ಕೊಡ ಹೊರಿಸುವ ಪದ್ಧತಿ ಈ ಸೀಮೆಯದೇ. ಇವರಲ್ಲಿ ಕತ್ತಿ ಮುಟ್ಟಿಸಿಕೊಳ್ಳದೆಯೇ ಬಾಳಿದವರು ಬಹಳ ಮಂದಿ. ಅಂದರೆ ಸೀರೆ ಉಡಲು ಆಪರೇಷನ್ ಬೇಕೇ ಬೇಕು ಅನ್ನೋದು ನಮ್ಮ ಊರಿನ ಹಳೆಯ ಲೆಕ್ಕವೂ ಅಲ್ಲ.

ಕುರುಗೋಡು ಹತ್ತಿರದ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು ಮಂಜಮ್ಮ ಜೋಗತಿ. ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡರು, ಮನೆ ಬಿಟ್ಟರು, ಹಸಿವು ಅವಮಾನ ಎರಡನ್ನೂ ಉಂಡರು. ಕಾಳವ್ವ ಜೋಗತಿಯ ಕೈಕೆಳಗೆ ಕುಣಿತ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಆ ಸೆರಗಿಗೆ ಅಲ್ಲಿ ಯಾರೂ ಡಾಕ್ಟರ ಸರ್ಟಿಫಿಕೇಟು ಕೇಳಲಿಲ್ಲ.

ಸುಪ್ರೀಂ ಕೋರ್ಟು ಹೇಳಿದ್ದೂ ಅದನ್ನೇ. 2014ರ ಏಪ್ರಿಲ್ 15ರಂದು ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರ ಪೀಠ ತೀರ್ಪು ಕೊಟ್ಟಿತು. ತಾನು ಗಂಡೋ, ಹೆಣ್ಣೋ, ಮೂರನೆಯದೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ. ಉಡುಪು, ಮಾತು, ನಡವಳಿಕೆಯಲ್ಲಿ ಅದನ್ನು ತೋರಿಸಿಕೊಳ್ಳುವುದು ಸಂವಿಧಾನದ 19ನೇ ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯ. ‘ಮೊದಲು ಆಪರೇಷನ್ ಮಾಡಿಸಿಕೊಂಡು ಬಾ’ ಎಂದು ಒತ್ತಾಯಿಸುವುದು ಕಾನೂನಿಗೂ ನೀತಿಗೂ ವಿರುದ್ಧ. ಇದು ತೀರ್ಪಿನ ಸಾರ.

ಹೀಗಾಗಿ ಸೀರೆಯ ಮಾತಿನಲ್ಲಿ ಖಜಾನೆಯ ಪ್ರಶ್ನೆಯೇ ಬರೋದಿಲ್ಲ. ಸೀರೆಯ ದುಡ್ಡು ಉಟ್ಟವರದು.

ಕತ್ತಿ ಯಾರ ಕೈಯಲ್ಲಿ?

ಇನ್ನು ಆಪರೇಷನ್ನಿನ ಮಾತು. ಎಲ್ಲರಿಗೂ ಅದು ಬೇಕಿಲ್ಲ. ಆದರೆ ಕೆಲವರಿಗೆ ಅದಿಲ್ಲದೆ ಬದುಕೇ ಇಲ್ಲ. ಹುಟ್ಟಿದ ಮೈ ಒಂದು, ಒಳಗಿನ ಜೀವ ಒಂದು. ಇದು ಶೋಕಿಯಲ್ಲ, ಹುಚ್ಚೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಹೊಸ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದು, ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿತು. ಪಟ್ಟಿಯಿಂದಲೇ ಕಿತ್ತುಹಾಕಲಿಲ್ಲ ಯಾಕೆ? ಚಿಕಿತ್ಸೆ ಬೇಕಾದವರಿಗೆ ಆಸ್ಪತ್ರೆಯ ಬಾಗಿಲು ಮುಚ್ಚಬಾರದು ಎಂದು.

ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದು ಈ ಸಮುದಾಯದ ಹಿರಿಯರಿಗೆ ಗೊತ್ತು. ಅವರ ಬಾಯಲ್ಲಿ ಅದರ ಹೆಸರು ‘ನಿರ್ವಾಣ’. ರಾತ್ರಿ ಹೊತ್ತು, ಮುಚ್ಚಿದ ಕೋಣೆ, ಅರಿವಳಿಕೆ ಇಲ್ಲ, ದಾಯಿಯ ಕೈಯಲ್ಲೊಂದು ಕತ್ತಿ. ಬದುಕಿದರೆ ಅಮ್ಮನ ಕೃಪೆ, ಸತ್ತರೆ ಪೊಲೀಸ್ ಠಾಣೆಗೂ ಸುದ್ದಿ ಹೋಗದು. ಆಮೇಲೆ ಬಂದವರು ಕೈಸಾಲ ಮಾಡಿ ಗುಟ್ಟಾಗಿ ಆಪರೇಷನ್ ಮಾಡುವ ಖಾಸಗಿಯವರ ಹತ್ತಿರ ಹೋದರು. ಮೂತ್ರನಾಳದ ತೊಂದರೆ, ನಂಜು, ಜೀವನಪೂರ್ತಿ ನೋವು ಹೊತ್ತು ಬಂದವರೂ ಇದ್ದಾರೆ. ಹಾರ್ಮೋನ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಲ್ಲಿ ಕೊಂಡು ನುಂಗಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ.

ಒಳ್ಳೆಯ ಡಾಕ್ಟರುಗಳು ಹಿಂಜರಿದದ್ದಕ್ಕೂ ಕಾರಣ ಇತ್ತು. 1860ರ ದಂಡ ಸಂಹಿತೆಯ 320ನೇ ಕಲಮಿನಲ್ಲಿ ‘ತೀವ್ರ ಗಾಯ’ಗಳ ಪಟ್ಟಿಯ ಮೊದಲ ಹೆಸರೇ ಪುರುಷತ್ವ ಹರಣ. ರೋಗಿಯ ಒಪ್ಪಿಗೆ ಪಡೆದು ಅವನ ಹಿತಕ್ಕೆ ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಎಂದು ಅದೇ ಸಂಹಿತೆಯ 88ನೇ ಕಲಮು ಹೇಳುತ್ತಿತ್ತು. ಆದರೆ ಯಾರಿಗೆ ಬೇಕು ಕೋರ್ಟಿನ ಉಸಾಬರಿ? ಬಾಗಿಲು ಹಾಕಿಕೊಂಡರು.

ಪಕ್ಕದ ತಮಿಳುನಾಡು ಈ ಭಯ ಮೊದಲು ಬಿಟ್ಟಿತು. 2008ರಲ್ಲಿ ಅಲ್ಲಿ ಇವರಿಗೆಂದೇ ಕಲ್ಯಾಣ ಮಂಡಳಿ ಆಯಿತು. ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ನಿಗೂ ದಾರಿಯಾಯಿತು. ಅಲ್ಲಿಯ ಖಜಾನೆಯೇನೂ ದಿವಾಳಿ ಎದ್ದು ಹೋಗಲಿಲ್ಲ.

ಐದು ಲಕ್ಷ ಕೈಗೆ ಎಣಿಸಿ ಕೊಡೋದಲ್ಲ

2019ರಲ್ಲಿ ಪಾರ್ಲಿಮೆಂಟು ಈ ಸಮುದಾಯದ ಹಕ್ಕು ರಕ್ಷಣೆಗೆಂದು ಕಾಯ್ದೆ ಮಾಡಿತು. 2020ರ ಜನವರಿ 10ರಂದು ಅದು ಜಾರಿಗೆ ಬಂತು. ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ಅದಕ್ಕೆ ಮುಂಚೆ ಮತ್ತು ನಂತರದ ಸಲಹೆ, ಖರ್ಚಿಗೆ ವಿಮೆ: ಇವಕ್ಕೆಲ್ಲ ಸರ್ಕಾರ ಏರ್ಪಾಡು ಮಾಡಬೇಕು ಎಂದು ಅದರ 15ನೇ ಕಲಮಿನಲ್ಲಿ ಬರೆದರು. 2022ರ ಆಗಸ್ಟ್ 24ರಂದು ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಯೂ ಆರೋಗ್ಯ ಪ್ರಾಧಿಕಾರವೂ ಒಪ್ಪಂದಕ್ಕೆ ಸಹಿ ಹಾಕಿ, ಆಯುಷ್ಮಾನ್ ಭಾರತದ ಅಡಿ ಒಬ್ಬರಿಗೆ ವರ್ಷಕ್ಕೆ 5 ಲಕ್ಷದ ವಿಮೆ ಎಂದು ಸಾರಿದರು.

ಇದನ್ನು ಕೇಳಿದವರು ನೋಟಿನ ಕಂತೆ ಕಣ್ಣಮುಂದೆ ತಂದುಕೊಂಡರು. ಐದು ಲಕ್ಷ ಅನ್ನೋದು ಮಿತಿ. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಆದರೆ ಬಿಲ್ಲು ಆಸ್ಪತ್ರೆಗೆ ಹೋಗುತ್ತದೆ, ಕೈಗೆ ಕಾಸೂ ಬರೋದಿಲ್ಲ. ಅದೇ ಕಾರ್ಡು ಹೃದಯದ ಕಾಯಿಲೆಗೂ, ಮೂತ್ರಪಿಂಡದ ಕಾಯಿಲೆಗೂ ನಡೆಯಬೇಕಾದ್ದು. ಬೇರೆ ಯೋಜನೆಯಲ್ಲಿ ಇಂಥದೇ ಸೌಲಭ್ಯ ಪಡೆದವರಿಗೆ ಇದು ಇಲ್ಲ.

‘ಬಡವರಿಗೆ ಇರೋ ಕಾರ್ಡು ಇವರಿಗೆ ಸಾಲದೇನು?’ ಎಂಬ ಪ್ರಶ್ನೆ ನ್ಯಾಯವೇ. 2018ರಲ್ಲಿ ಆಯುಷ್ಮಾನ್ ಶುರುವಾದಾಗ ಬಡ ಕುಟುಂಬಕ್ಕೂ ವರ್ಷಕ್ಕೆ 5 ಲಕ್ಷವೇ ಗೊತ್ತು ಮಾಡಿದ್ದು. ಗಮನಿಸಬೇಕಾದ ಮಾತು ‘ಕುಟುಂಬ’. ಹದಿನೈದನೇ ವಯಸ್ಸಿಗೇ ಅಪ್ಪ ಹೊಡೆದು ಹೊರಗೆ ಹಾಕಿದ ಮಗುವಿನ ಹೆಸರು ಯಾವ ಕುಟುಂಬದ ಕಾರ್ಡಿನಲ್ಲಿ ಇದ್ದೀತು? ಅದಕ್ಕೇ ಒಬ್ಬೊಬ್ಬರ ಲೆಕ್ಕ.

ಎಷ್ಟು ಜನಕ್ಕೆ? 2011ರ ಜನಗಣತಿಯಲ್ಲಿ ಗಂಡೂ ಅಲ್ಲ ಹೆಣ್ಣೂ ಅಲ್ಲ, ‘ಇತರೆ’ ಎಂದು ಬರೆಸಿದವರು ಕರ್ನಾಟಕದಲ್ಲಿ 20,266. ಆಗ ರಾಜ್ಯದ ಜನ 6 ಕೋಟಿ 11 ಲಕ್ಷ. ಹತ್ತು ಸಾವಿರ ಮಂದಿಗೆ ಸುಮಾರು ಮೂರು ಜನ! ಹೆದರಿ ಬರೆಸದವರನ್ನೂ ಸೇರಿಸಿ ಅದರ ಹತ್ತರಷ್ಟು ಎಂದರೂ ಖಜಾನೆ ಮುಳುಗುವ ಲೆಕ್ಕ ಅಲ್ಲ. ಅದರಲ್ಲಿ ಆಪರೇಷನ್ ಬೇಕು ಅನ್ನುವವರು ಇನ್ನೂ ಕಡಿಮೆ.

ಮಂಡಿ ನೋವಿನ ಅಂಗಡಿಯವನ ಸಿಟ್ಟೂ ಸುಳ್ಳಲ್ಲ. ರಾಜ್ಯದ ಯೋಜನೆಯಲ್ಲಿ ಎಪಿಎಲ್ ಕಾರ್ಡಿನವರಿಗೆ 2018ರಲ್ಲಿ ಗೊತ್ತು ಮಾಡಿದ್ದು ಪ್ಯಾಕೇಜು ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸಣ್ಣ ವ್ಯಾಪಾರಿಗೆ ಅದು ಸಾಲದು. ಅದನ್ನು ಹೆಚ್ಚಿಸಿ ಎಂದು ಶಾಸಕರ ಮನೆ ಮುಂದೆ ಕೇಳಲಿ. ಹತ್ತು ಸಾವಿರದಲ್ಲಿ ಮೂವರ ಕಾರ್ಡು ಕಿತ್ತುಕೊಂಡರೆ ಇವನ ಮಂಡಿ ನೆಟ್ಟಗಾಗುತ್ತದೆಯೇ?

ಕಾರ್ಡಿಗೆ ಮುಂಚೆ ಕಾಗದ

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇಲ್ಲಿ ಪೂಜಾರಿ ಅಂದರೆ ಕಾಗದ.

ವಿಮೆಯ ಕಾರ್ಡು ಸಿಗಬೇಕಾದರೆ ಮೊದಲು ಜಿಲ್ಲಾಧಿಕಾರಿಯ ಗುರುತಿನ ಪತ್ರ ಬೇಕು ಎಂದರು. 2020ರ ನಿಯಮದ ಪ್ರಕಾರ ಇದಕ್ಕೆ ಪ್ರಮಾಣಪತ್ರ ಬರೆದುಕೊಟ್ಟರೆ ಸಾಕಿತ್ತು. ಮೈ ತಪಾಸಣೆ ಇಲ್ಲ, ಮೂವತ್ತು ದಿನದೊಳಗೆ ಪತ್ರ. ಆದರೆ ‘ನಾನು ಮೂರನೆಯವಳಲ್ಲ, ಹೆಣ್ಣು ಎಂದೇ ಬರೆಯಿರಿ’ ಎಂದರೆ 2019ರ ಕಾಯ್ದೆಯ 7ನೇ ಕಲಮು ಆಪರೇಷನ್ ಆದ ಬಗ್ಗೆ ಆಸ್ಪತ್ರೆಯ ಪತ್ರ ಕೇಳಿತು. ಆಪರೇಷನ್ ಕೇಳಬೇಡಿ ಎಂದು ಕೋರ್ಟು ಹೇಳಿ ಐದು ವರ್ಷ ಆಗಿತ್ತು! ಸಮುದಾಯದವರು ಬೀದಿಗಿಳಿದು ವಿರೋಧಿಸಿದ್ದರಲ್ಲಿ ಇದೂ ಒಂದು. ಸೀರೆ ಮತ್ತು ಆಪರೇಷನ್ನನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದು ಅಂಗಡಿ ಕಟ್ಟೆಯವರು ಮಾತ್ರ ಅಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕಾಗದ ಇಲ್ಲದವರ ಪಾಡು ಬಸ್ಸಿನಲ್ಲೇ ಕಾಣಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಹೆಂಗಸರ ಜೊತೆಗೆ ಇವರಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಬಿಟ್ಟಿ ಎಂದು ಸಾರಿದರು. ಕಾರ್ಡಿನಲ್ಲಿ ಗಂಡಸಿನ ಹೆಸರು, ಗಂಡಸಿನ ಫೋಟೋ. ಎದುರಿಗೆ ಸೀರೆ, ಕುಂಕುಮ, ಕೈತುಂಬ ಬಳೆ. ಕಂಡಕ್ಟರ್ ಏನು ಮಾಡಬೇಕು? ಅವನಿಗೆ ನಿಯಮ, ಇವಳಿಗೆ ಮರ್ಯಾದೆ. ಹಿಂದಿನ ಸೀಟಿನವರಿಗೆ ನಗು.

ಆಸ್ಪತ್ರೆಯಲ್ಲೂ ಇದೇ ಕಥೆ. ಚೀಟಿ ಕೌಂಟರಿನಲ್ಲಿ ‘ಗಂಡೋ ಹೆಣ್ಣೋ?’ ಎಂಬ ಪ್ರಶ್ನೆಗೇ ಸಾಲಿನವರೆಲ್ಲ ತಿರುಗಿ ನೋಡುತ್ತಾರೆ. ಒಳಗೆ ಸೇರಿಸಬೇಕಾದರೆ ಗಂಡಸರ ವಾರ್ಡೋ, ಹೆಂಗಸರ ವಾರ್ಡೋ? ನರ್ಸಮ್ಮನಿಗೂ ಪೇಚು. ಇನ್ನು ಈ ಚಿಕಿತ್ಸೆಗೆ ಮನೋವೈದ್ಯರು, ಹಾರ್ಮೋನ್ ತಜ್ಞರು, ಪ್ಲಾಸ್ಟಿಕ್ ಸರ್ಜನ್, ಮೂತ್ರರೋಗ ತಜ್ಞರು ಕೂಡಿ ಕೆಲಸ ಮಾಡಬೇಕು. ಇಷ್ಟೂ ಜನ ಒಂದೇ ಸೂರಿನಡಿ ಸಿಗುವುದು ದೊಡ್ಡ ಊರಿನಲ್ಲೇ. ಐದು ಲಕ್ಷದ ಕಾರ್ಡು ಹಿಡಿದು ಬೆಂಗಳೂರಿನ ಬಸ್ಸಿಗೆ ಕಾಯುವವಳಿಗೆ ಅಲ್ಲಿ ರೂಮು ಬಾಡಿಗೆಗೆ ಯಾರು ಕೊಡುತ್ತಾರೆ? ಆರು ವಾರ ಮಲಗಿದರೆ ಗಂಜಿ ಯಾರು ಹಾಕುತ್ತಾರೆ?

ಇಂಗ್ಲೆಂಡಿನ ಸುದ್ದಿ, ನಮ್ಮ ಊರಿನ ಗದ್ದಲ

ಮೊಬೈಲ್ ನೋಡುವ ಹುಡುಗರು ‘ಇಂಗ್ಲೆಂಡಿನಲ್ಲೇ ಇದನ್ನು ನಿಲ್ಲಿಸಿದರಂತೆ’ ಎಂದು ವಾದ ತರುತ್ತಾರೆ. ನಿಲ್ಲಿಸಿದ್ದು ಏನು ಎಂದು ನೋಡಬೇಕು. ಡಾ. ಹಿಲರಿ ಕ್ಯಾಸ್ ಎಂಬ ಮಕ್ಕಳ ವೈದ್ಯೆಯ ವರದಿ 2024ರ ಏಪ್ರಿಲಿನಲ್ಲಿ ಬಂತು. ಹದಿನೆಂಟರೊಳಗಿನವರಿಗೆ ಪ್ರಾಯ ತಡೆಯುವ ಔಷಧಿ ಕೊಡುವುದಕ್ಕೆ ಪುರಾವೆ ಸಾಲದು ಎಂದರು. ಅಲ್ಲಿಯ ಸರ್ಕಾರಿ ಆಸ್ಪತ್ರೆಗಳು ಆ ಔಷಧಿಯನ್ನು ಮಾಮೂಲಿಯಾಗಿ ಕೊಡೋದನ್ನು ನಿಲ್ಲಿಸಿದವು. ಅದನ್ನು ತಪ್ಪು ಎಂದವರೂ ಇದ್ದಾರೆ, ಸರಿ ಎಂದವರೂ ಇದ್ದಾರೆ. ಆದರೆ ಅದು ಮಕ್ಕಳ ವಿಷಯ. ದೊಡ್ಡವರಿಗೆ ಸರ್ಕಾರಿ ದುಡ್ಡಿನ ಚಿಕಿತ್ಸೆ ಅಲ್ಲಿ ಆ ವರ್ಷ ನಿಲ್ಲಲಿಲ್ಲ. ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಬೇಕು ಅನ್ನೋದನ್ನು ಹಿಡಿದು, ಇಪ್ಪತ್ತು ವರ್ಷ ಬೀದಿಯಲ್ಲಿ ಸವೆದ ನಲವತ್ತರ ಹೆಂಗಸಿಗೆ ಆಸ್ಪತ್ರೆ ಬೇಡ ಎಂದರೆ ಅದು ಯಾವ ಲೆಕ್ಕ?

ಕೇಳಬೇಕಾದ್ದು ಇಷ್ಟು

ಅಂಗಡಿ ಮುಂದೆ ಚಪ್ಪಾಳೆ ತಟ್ಟಿದಾಗ ಹತ್ತು ರೂಪಾಯಿ ಎಸೆದು ‘ದುಡಿದು ತಿನ್ನಬಾರದಾ?’ ಎಂದು ಗೊಣಗುವವರು ಒಂದು ಮಾತು ನೆನಪಿಡಬೇಕು. 2021ರ ಜುಲೈನಲ್ಲಿ ಸರ್ಕಾರಿ ನೌಕರಿಯಲ್ಲಿ ಇವರಿಗೆ ಶೇಕಡಾ 1 ಮೀಸಲು ತಂದ ಮೊದಲ ರಾಜ್ಯ ಕರ್ನಾಟಕವೇ. ನೌಕರಿಗೆ ಓದು ಬೇಕು, ಓದಿಗೆ ಮನೆ ಬೇಕು, ಎಲ್ಲಕ್ಕೂ ಮೊದಲು ಮೈ ಗಟ್ಟಿಯಿರಬೇಕು. ಮೈಯನ್ನೇ ಕತ್ತಿಗೆ ಕೊಟ್ಟು ರೋಗಿಯಾದವಳು ದುಡಿಯುವುದು ಹೇಗೆ?

ಆದ್ದರಿಂದ ಜಿಲ್ಲಾಧಿಕಾರಿಗಳ ಕಛೇರಿ ಲೆಕ್ಕ ಹೇಳಲಿ: ಗುರುತಿನ ಪತ್ರ ಕೇಳಿ ಬಂದ ಅರ್ಜಿ ಎಷ್ಟು, ಕೊಟ್ಟ ಪತ್ರ ಎಷ್ಟು, ಮೇಜಿನ ಮೇಲೆ ಕೂತಿರುವುದು ಎಷ್ಟು? ಜಿಲ್ಲಾ ಆಸ್ಪತ್ರೆ ಬೋರ್ಡು ಹಾಕಲಿ: ಈ ಚಿಕಿತ್ಸೆಗೆ ಯಾವ ವಾರ, ಯಾವ ಡಾಕ್ಟರು, ಯಾವ ವಾರ್ಡು? ಇಲ್ಲಿ ಆಗದಿದ್ದರೆ ಯಾವ ಊರಿಗೆ ಕಳಿಸುತ್ತಾರೆ, ಹೋಗಿಬರುವ ಖರ್ಚು ಯಾರದು? ಇದಕ್ಕೆ ಉತ್ತರ ಸಿಕ್ಕ ದಿನ ತೆರಿಗೆದಾರನಿಗೂ ತನ್ನ ದುಡ್ಡು ಎಲ್ಲಿ ಹೋಯಿತೆಂದು ಗೊತ್ತಾಗುತ್ತದೆ.

ಉತ್ತರ ಸಿಗುವವರೆಗೆ ಐದು ಲಕ್ಷ ಬರೀ ಕಾಗದದ ಮೇಲಿನ ಅಂಕಿ. ಕತ್ತಿಯಂತೂ ಕಾಗದ ಕೇಳುವುದಿಲ್ಲ.